ಪೇಟಿಯ ಜೀರ್ಣೋದ್ಧಾರ

(ಹೊಸಪೇಟೆಯಲ್ಲಿ ಬಹುಕಾಲದಿಂದ ವಾದ್ಯಗಳ ದುರಸ್ತಿಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಹಿರಿಯರೊಬ್ಬರಿಗೂ ಕಂಪ್ಲಿಯ ಕಡೆಯ ಸಂಗೀತದ ಮೇಷ್ಟರೊಬ್ಬರಿಗೂ ನಡೆದ ಸಂಭಾಷಣೆ)

ಮೇಷ್ಟರು: ಯಜಮಾನರೇ, ಈ ಕಾಲುಪೇಟಿಯನ್ನು ನಿಮ್ಮಲ್ಲಿಗೆ ಹೊರಿಸಿ ತಂದಿರುವುದು ದುರಸ್ತಿಗೆಂದಲ್ಲ, ಸಲಹೆಗೆಂದು. ನಮ್ಮೂರ ಬಯಲಾಟದ ಮೇಳದವರು ಎರಡು ತಲೆಮಾರು ನುಡಿಸಿ, ತಿದಿ ಹರಿದ ಮೇಲೆ ಗುಡಿಯ ಅಟ್ಟಕ್ಕೇರಿಸಿ ಮರೆತುಬಿಟ್ಟಿದ್ದ ಇದನ್ನು, ಈಚೆಗೆ ಗುಡಿಗೆ ಸುಣ್ಣ ಹೊಡೆಯುವ ಸಂದರ್ಭದಲ್ಲಿ ಹುಡುಗರು ಕೆಳಗಿಳಿಸಿದರು. ಇದನ್ನು ಮತ್ತೆ ಅಟ್ಟದ ಮೇಲೆ, ಎಂದರೆ ಆಟದ ರಂಗದ ಮೇಲೆ, ಇಟ್ಟು ನುಡಿಸಬೇಕೆಂದು ಮೇಳದವರ ಆಸೆ. ನನಗಾದರೋ ಇದ್ದದ್ದನ್ನು ಇದ್ದ ಹಾಗೆಯೇ ಒರೆಸಿ, ಗಾಜಿನ ಕಪಾಟಿನೊಳಗಿಟ್ಟು, ಬರುವ ಪೀಳಿಗೆಯವರಿಗೆ ತೋರಿಸಬೇಕೆಂಬ ಇಚ್ಛೆ. ಸ್ಪಷ್ಟವಾಗಿಯೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ: ನೀವು ಕೈಯಿಟ್ಟ ಮೇಲೆ ಇದು ಆ ಹಳೆಯ ಪೇಟಿಯಾಗಿಯೇ ಉಳಿಯುವುದೆ?

ಯಜಮಾನರು: ಕಪಾಟಿನಲ್ಲಿಟ್ಟರೆ ಉಳಿಯುವುದೆ ಎಂಬುದನ್ನು ಮೊದಲು ನೋಡೋಣ, ಮೇಷ್ಟ್ರೇ. ಮುಚ್ಚಳ ತೆಗೆಯುತ್ತೇನೆ, ಬಗ್ಗಿ ನೋಡಿ. ಇಗೋ, ಮನೆಗಳ ಸಾಲಿನ ಕೆಳಗೆ ಇಲಿ ತಂದು ಕೂಡಿಟ್ಟ ಭತ್ತದ ಹೊಟ್ಟು. ಈ ಮೂಲೆಯಲ್ಲಿ ಚಕ್ಕಳವನ್ನು ಜಿರಲೆ ತಿಂದಿದೆ. ರೀಡುಗಳ ಮೇಲೆ ಹಸಿರು ಹಸಿರಾಗಿ ಕಾಣುತ್ತಿರುವುದು ಕಿಲುಬು. ಇವುಗಳಲ್ಲಿ ಒಂದಾದರೂ ನುಡಿಸಿದ್ದರಿಂದ ಆದ ಹಾನಿಯಲ್ಲ. ಎಲ್ಲವೂ ನುಡಿಸದೆ ಇಟ್ಟದ್ದರಿಂದ ಆದವು. ನಿತ್ಯವೂ ತಿದಿಯಾಡುತ್ತಿದ್ದ ಪೇಟಿಯಲ್ಲಿ ಗಾಳಿ ಒಳಹೊರಗೆ ಸಂಚರಿಸುತ್ತಿದ್ದು ಧೂಳು ನೆಲೆಯೂರುವುದಿಲ್ಲ, ಚಕ್ಕಳವು ಮಡಿಕೆಯಲ್ಲಿ ಬಿರುಸಾಗಿ ಸೀಳುವುದಿಲ್ಲ, ಇಲಿ ಸಂಸಾರ ಹೂಡುವ ಧೈರ್ಯ ಮಾಡುವುದಿಲ್ಲ. ಅಟ್ಟವಾದರೇನು, ಕಪಾಟಾದರೇನು, ನುಡಿಸುವವನ ಕೈ ತಪ್ಪಿದ ಮೇಲೆ ವಾದ್ಯಕ್ಕೆ ಎರಡೂ ಒಂದೇ.

ಮೇಷ್ಟರು: ಹಾನಿಯಾಗಿದೆಯೆಂಬುದನ್ನು ಒಪ್ಪುತ್ತೇನೆ. ಆದರೆ ಹಾನಿಗೊಂಡ ವಸ್ತುವಿನಲ್ಲಿಯೂ ಸತ್ಯವೊಂದಿರುತ್ತದೆಯಷ್ಟೆ. ಇದನ್ನು ಮಾಡಿದ ಬಡಗಿಯ ಉಳಿಯ ಗೆರೆ, ಇದನ್ನು ಮೊದಲು ಶ್ರುತಿಮಾಡಿದವನ ಕಿವಿ, ಇದರ ಮುಂದೆ ಕುಳಿತು ರಾತ್ರಿಯಿಡೀ ನುಡಿಸಿದ ಪೇಟಿ ಮಾಸ್ತರನ ಬೆರಳಿಗೆ ಸವೆದ ಈ ಬಿಳಿಮನೆಗಳು, ಇವು ಇದರಲ್ಲಿ ಅಚ್ಚಳಿಯದೆ ನಿಂತಿರುವ ಸಾಕ್ಷ್ಯಗಳು. ನೀವು ಹೊಸ ಚಕ್ಕಳ ಹೊಲಿದು, ಹೊಸ ರೀಡು ಕೂಡಿಸಿ, ಮನೆಗಳಿಗೆ ಹೊಸ ಹೊದಿಕೆ ಅಂಟಿಸಿದ ಮೇಲೆ ಅಲ್ಲಿರುವುದು ನಿಮ್ಮ ಪೇಟಿಯೇ ಹೊರತು ಅವರದಲ್ಲ.

ಯಜಮಾನರು: ಅವರದೆಂದು ನೀವು ಹೇಳುವ ಪೇಟಿಯೂ ಮೊದಲು ಇನ್ನೊಬ್ಬರದನ್ನು ಮಾರ್ಪಡಿಸಿ ಪಡೆದುದಲ್ಲವೆ? 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆನ್ ಎಂಬಾತನು ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹೊರತಂದದ್ದು, ಕುರ್ಚಿಯ ಮೇಲೆ ಕುಳಿತು ಎರಡು ಕಾಲಿನಿಂದಲೂ ತಿದಿಯೊತ್ತುತ್ತಾ ನುಡಿಸುವ, ಇಗರ್ಜಿಗೂ ದಿವಾನಖಾನೆಗೂ ಹೊಂದುವ ವಾದ್ಯ. ನಮ್ಮ ಗವಾಯಿಗಳು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡುವವರು. ಅವರಿಗೆ ಒಪ್ಪುವಂತೆ 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲು ತೆಗೆದು, ತಿದಿಯನ್ನು ಬೆನ್ನಿಗೆ ತಂದು, ಒಂದು ಕೈ ಊದುವುದಕ್ಕೂ ಒಂದು ಕೈ ನುಡಿಸುವುದಕ್ಕೂ ಆಗುವಂತೆ ಮಾಡಿದರು. ಆದರೆ ನಾಟಕ ಕಂಪನಿಗಳೂ ಬಯಲಾಟದವರೂ ಕಾಲುಪೇಟಿಯನ್ನು ಬಿಡಲಿಲ್ಲ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಊರಿನ ಜನವೆಲ್ಲ ಸೇರಿದ ಬಯಲಿನ ಕೊನೆಯ ಸಾಲಿಗೂ ಕೇಳಬೇಕಾದರೆ ಎರಡು ಕೈಯ ನುಡಿಸಾಣಿಕೆಯೂ ಎರಡು ಕಾಲಿನ ಗಾಳಿಯೂ ಬೇಕಾಗಿದ್ದುವು. ಹೀಗೆ ಇದು ವಿಲಾಯಿತಿಯ ದೇಹದಲ್ಲಿ ಮೂಡಲಪಾಯದ ಪ್ರಾಣವನ್ನು ತಾಳಿ ನಿಂತ ವಾದ್ಯ. ಮಾರ್ಪಾಟು ಇದರ ಹುಟ್ಟಿನಲ್ಲಿಯೇ ಇದೆ.

ಮೇಷ್ಟರು: ಆ ಮಾರ್ಪಾಟು ಎಲ್ಲರಿಗೂ ಒಪ್ಪಿಗೆಯಾಯಿತೆಂದು ಹೇಳಬೇಡಿ. ಗಮಕವನ್ನು ತೋರಿಸಲಾರದ, ಶ್ರುತಿಭೇದಗಳನ್ನೆಲ್ಲ ಹನ್ನೆರಡು ಮನೆಗಳಿಗೆ ಕಟ್ಟಿಹಾಕುವ ವಾದ್ಯವೆಂದು ಇದನ್ನು 1940ರಲ್ಲಿ ಆಕಾಶವಾಣಿಯಿಂದ ಹೊರಗಿಟ್ಟರು. 1971ರವರೆಗೆ ಬಾಗಿಲು ತೆರೆಯಲಿಲ್ಲ. ಶಾಸ್ತ್ರವನ್ನು ಬಲ್ಲವರ ಆಕ್ಷೇಪಣೆ ಅದು, ಸುಮ್ಮನೆ ತಳ್ಳಿಹಾಕುವಂತಹುದಲ್ಲ.

ಯಜಮಾನರು: ತಳ್ಳಿಹಾಕುವುದಿಲ್ಲ. ಬಾನುಲಿಯಲ್ಲಿ ಬಾಗಿಲು ಮುಚ್ಚಿದ್ದ ಆ ಮೂವತ್ತು ವರ್ಷಗಳಲ್ಲಿ ಬಳ್ಳಾರಿ ಸೀಮೆಯ ರಂಗಗೀತೆಗಳನ್ನೂ ದೊಡ್ಡಾಟದ ಪದಗಳನ್ನೂ ಎತ್ತಿ ಹಿಡಿದದ್ದು ಇದೇ ಎಂಬುದನ್ನು ಮಾತ್ರ ಜೊತೆಗೆ ನೆನೆಯುತ್ತೇನೆ. ಮರಿಯಮ್ಮನಹಳ್ಳಿಯ ರಂಗಕಲಾವಿದರನ್ನು ಕೇಳಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಆಶ್ರಯದಲ್ಲಿ ಕಲಿತು, ಕಣ್ಣಿಲ್ಲದಿದ್ದರೂ ಬೆರಳಿನಿಂದಲೇ ಮನೆ ಹುಡುಕಿ ಹಾಡಿಗೆ ಜೊತೆಕೊಟ್ಟ ಎಷ್ಟೋ ಮಂದಿಯನ್ನು ಕೇಳಿ. ಒಂದು ವಾದ್ಯದ ಯೋಗ್ಯತೆಯನ್ನು ಶಾಸ್ತ್ರವೊಂದೇ ನಿರ್ಣಯಿಸಲಾರದು.

ಮೇಷ್ಟರು: ಆಗಲಿ, ಪೇಟಿಯ ಮಾತು ಹಾಗಿರಲಿ. ಶ್ರುತಿಯ ವಿಷಯದಲ್ಲಿ ನನಗೆ ಭಯವಿದೆ. ದುರಸ್ತಿಗೆ ಕೊಟ್ಟ ಪೇಟಿಯೊಂದು ಮನೆಗೆ ಬಂದಾಗ ಅದರ ಧ್ವನಿ ತೆಳ್ಳಗಾಗಿ, ಮೊದಲಿನ ತುಂಬುತನವೇ ಇಲ್ಲದಂತಾದುದನ್ನು ನಾನು ಬಲ್ಲೆನು. ಎಲ್ಲಿ ಕೊಟ್ಟಿದ್ದೆನೆಂಬುದು ಈಗ ಬೇಡ.

ಯಜಮಾನರು: ಅರ ಆಡಿಸಿದ್ದಾರೆ. ಬನ್ನಿ, ಬೆಳಕಿಗೆ ಸರಿಯಿರಿ, ಒಂದು ರೀಡನ್ನು ತೆಗೆದು ತೋರಿಸುತ್ತೇನೆ. ಈ ಹಿತ್ತಾಳೆಯ ಚೌಕಟ್ಟಿನಲ್ಲಿ ಒಂದು ಸೀಳು. ಸೀಳಿನ ಮೇಲೆ ಒಂದು ತುದಿ ಮಾತ್ರ ಬಿಗಿದು, ಇನ್ನೊಂದು ತುದಿ ಬಿಡುಬೀಸಾಗಿ ನಿಂತಿರುವ ತೆಳುವಾದ ನಾಲಗೆ. ಗಾಳಿ ಹಾಯ್ದಾಗ ನಾಲಗೆ ಸೀಳಿನೊಳಕ್ಕೂ ಹೊರಕ್ಕೂ ಆಡಿ ಸ್ವರವೇಳುತ್ತದೆ. ತುದಿಯಲ್ಲಿ ಅರ ತಾಗಿಸಿ ಒಂದಿಷ್ಟು ಲೋಹ ತೆಗೆದರೆ ನಾಲಗೆ ಹಗುರಾಗಿ ಬೇಗ ಬೇಗ ಆಡುತ್ತದೆ, ಸ್ವರ ಏರುತ್ತದೆ. ಬುಡದಲ್ಲಿ ತೆಗೆದರೆ ಬಿಗಿ ಸಡಿಲವಾಗಿ ನಿಧಾನವಾಗುತ್ತದೆ, ಸ್ವರ ಇಳಿಯುತ್ತದೆ. ಕೆಲಸ ಕಲಿಯದವನು ಏರಿಸಲು ಹೋಗಿ ಹೆಚ್ಚು ಏರಿಸುತ್ತಾನೆ, ಅದನ್ನು ಇಳಿಸಲು ಬುಡ ಉಜ್ಜುತ್ತಾನೆ, ಇಳಿದದ್ದು ಹೆಚ್ಚಾಯಿತೆಂದು ಮತ್ತೆ ತುದಿಗೆ ಬರುತ್ತಾನೆ. ಹೀಗೆ ಎರಡು ಕಡೆಯಿಂದಲೂ ಸವೆದು ಸವೆದು ನಾಲಗೆ ಕಾಗದದಂತಾಗುತ್ತದೆ. ಸ್ವರವೇನೋ ಸರಿಗೂಡಿತು, ಧ್ವನಿ ಸತ್ತಿತು. ತೆಗೆದ ಹಿತ್ತಾಳೆ ಬ್ರಹ್ಮನೇ ಬಂದರೂ ಮರಳಿ ಕೂಡುವುದಿಲ್ಲ. ನಾನು ಮೊದಲು ಕಿಲುಬನ್ನು ಮಾತ್ರ ಮೆದುವಾದ ಕುಂಚದಿಂದ ತೆಗೆದು, ನಾಲಗೆಯ ಕೆಳಗೆ ತೆಳುತಗಡನ್ನು ತೂರಿಸಿ ಕಸ ಬಿಡಿಸಿ, ಆಮೇಲೆ ಊದಿ ಕೇಳುತ್ತೇನೆ. ಸ್ವರ ತಪ್ಪಿತೆಂದು ದೂರು ಬಂದ ರೀಡುಗಳಲ್ಲಿ ಎಷ್ಟೋ ಅಷ್ಟಕ್ಕೇ ಸರಿಹೋಗುತ್ತವೆ, ಏಕೆಂದರೆ ಏರುಪೇರಾದದ್ದು ಲೋಹವಲ್ಲ, ಅದರ ಮೇಲಿನ ಕೊಳೆ. ಇಳಿಸಲೇಬೇಕಾದರೆ ಬುಡಕ್ಕೆ ಅರ ಹಾಕದೆ ತುದಿಗೆ ಬೆಸುಗೆಯ ಸಣ್ಣ ಹನಿಯನ್ನು ಕೂಡಿಸುತ್ತೇನೆ; ನಾಳೆ ಬೇರೊಬ್ಬನಿಗೆ ಅದು ಬೇಡವೆನಿಸಿದರೆ ಕಾಯಿಸಿ ತೆಗೆಯಬಹುದು. ಕೂಡಿಸಿದ್ದನ್ನು ಕಳೆಯಬಹುದು, ಕಳೆದದ್ದನ್ನು ಕೂಡಿಸಲಾಗದು. ನನ್ನ ವೃತ್ತಿಯ ಶಾಸ್ತ್ರವೆಲ್ಲ ಇಷ್ಟೇ.

ಮೇಷ್ಟರು: ಇದರ ಶ್ರುತಿಯೂ ಈಗಿನದಕ್ಕೆ ಹೊಂದುವುದಿಲ್ಲವೆಂದು ನಮ್ಮ ಹುಡುಗರು ಹೇಳುತ್ತಾರೆ.

ಯಜಮಾನರು: ಹೊಂದುವುದಿಲ್ಲ. ಆ ಕಾಲದ ಎಷ್ಟೋ ಪೇಟಿಗಳ ಶ್ರುತಿ ಈಗಿನ ಅಳತೆಗಿಂತ ಒಂದಿಷ್ಟು ಏರಿನದು. 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ, ಒಂದು ಗೊತ್ತಾದ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂದು ನಿಶ್ಚಯಿಸುವುದಕ್ಕೆ ಮುಂಚೆ ದೇಶಕ್ಕೊಂದು, ಕಾರ್ಖಾನೆಗೊಂದು ಅಳತೆಯಿತ್ತು. ಹಾಗೆಂದು ಇದರ ರೀಡುಗಳನ್ನೆಲ್ಲ ತಿದ್ದುವ ಅಗತ್ಯವೇನು? ನಿಮ್ಮ ಮೇಳದಲ್ಲಿ ಇದರ ಜೊತೆಗೆ ಬರುವುದು ಮದ್ದಳೆ, ತಾಳ, ಹಾಡುವವರ ಕಂಠ. ಮದ್ದಳೆಯನ್ನು ಇದಕ್ಕೆ ಕೂಡಿಸಿ. ಕಂಠಕ್ಕೆ ಅಳತೆಯ ಹಂಗಿಲ್ಲ. ತಮ್ಮೊಳಗೇ ಹೊಂದಿಕೊಂಡಿರುವ ಸ್ವರಗಳನ್ನು ನಾನು ಮುಟ್ಟುವುದಿಲ್ಲ. ಕೆಟ್ಟಿರುವ ಮೂರು ನಾಲ್ಕನ್ನು ಅವುಗಳ ನೆರೆಯ ಸ್ವರಗಳ ಸಾಕ್ಷಿಯಲ್ಲಿ ಸರಿಮಾಡುತ್ತೇನೆ. ಮೊದಲು ಶ್ರುತಿಮಾಡಿದವನ ಕಿವಿ ಎಂದಿರಲ್ಲ, ಅದು ಹಾಗೆಯೇ ಉಳಿಯುತ್ತದೆ.

ಮೇಷ್ಟರು: ನೀವು ಇಷ್ಟು ಸಂಯಮದಿಂದ ಮಾತನಾಡುವಿರೆಂದು ನಾನು ಎಣಿಸಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯಿತು. ಹಂಪಿಯ ವಿಜಯವಿಠ್ಠಲನ ಗುಡಿಯನ್ನು ನೆನೆಯಿರಿ. ಅಲ್ಲಿಯ ರಂಗಮಂಟಪದ 56 ಕಂಬಗಳನ್ನು ನಾದಸ್ತಂಭಗಳೆಂದು ಜನ ಕೊಂಡಾಡುವರಷ್ಟೆ. ಒಂದೇ ಕರಿಗಲ್ಲಿನಲ್ಲಿ ನಡುಗಂಬವನ್ನೂ ಅದರ ಸುತ್ತ ಕಡೆದ ಸಣ್ಣ ಕಂಬಗಳನ್ನೂ ಬೆರಳಿನಿಂದ ಮಿಡಿದರೆ ನಾದವೇಳುವುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಈಗ ಅವುಗಳನ್ನು ಮುಟ್ಟಲು ಪುರಾತತ್ತ್ವ ಇಲಾಖೆಯವರು ಬಿಡುವುದಿಲ್ಲ, ಬಿಡದಿರುವುದೇ ಯುಕ್ತವೆಂದು ನಾವೆಲ್ಲರೂ ಒಪ್ಪಿದ್ದೇವೆ. ಕಂಬಕ್ಕೆ ಸಲ್ಲುವ ನ್ಯಾಯ ಪೇಟಿಗೆ ಏಕೆ ಸಲ್ಲಬಾರದು? ಎರಡೂ ಹಿರಿಯರು ಬಿಟ್ಟುಹೋದ ನಾದವಸ್ತುಗಳೇ ಅಲ್ಲವೆ?

ಯಜಮಾನರು: ಒಳ್ಳೆಯ ಪ್ರಶ್ನೆ ಕೇಳಿದಿರಿ, ನಾನೂ ಬಹಳ ಯೋಚಿಸಿದ ಪ್ರಶ್ನೆ ಅದು. ಆ ಕಂಬ ಒಮ್ಮೆ ಚಕ್ಕೆಯೆದ್ದರೆ ಅದನ್ನು ಸರಿಮಾಡುವ ಕೈ ಲೋಕದಲ್ಲಿಲ್ಲ. ಸಿಮೆಂಟು ತುಂಬಿ ಆಕಾರ ಕೊಡಬಹುದು, ಒಳಗಿನಿಂದ ಆಧಾರ ಕೊಟ್ಟು ನಿಲ್ಲಿಸಬಹುದು. ಅಖಂಡವಾದ ಕಲ್ಲಿನ ಕಂಪನವನ್ನು ತರಲಾಗದು. ದಿನಕ್ಕೆ ಸಾವಿರ ಯಾತ್ರಿಕರು ಬಂದು ನಾಣ್ಯದಿಂದಲೂ ಬೆಣಚುಗಲ್ಲಿನಿಂದಲೂ ಕುಟ್ಟಿದರೆ ಆ ಸವೆತವನ್ನು ತುಂಬುವ ಉಪಾಯವಿಲ್ಲ. ಆದುದರಿಂದ ಅದು ಮೌನವಾಗಿರತಕ್ಕದ್ದೇ. ಪೇಟಿಯ ಮಾತು ಬೇರೆ. ಇದನ್ನು ಮಾಡಿದವನೇ ತಿರುಪು ಬಿಚ್ಚಿ ತೆರೆಯುವಂತೆ ಮಾಡಿದ್ದಾನೆ ನೋಡಿ. ಚಕ್ಕಳ ಹರಿದೀತೆಂದು ಅವನಿಗೆ ತಿಳಿದಿತ್ತು, ರೀಡು ಮುರಿದೀತೆಂದು ತಿಳಿದಿತ್ತು, ನನ್ನಂತಹವನೊಬ್ಬನು ಎಂದೋ ಬಂದು ತೆರೆದಾನೆಂದೂ ತಿಳಿದಿತ್ತು. ಯಾವುದನ್ನು ದುರಸ್ತಿಮಾಡಲಾಗದೋ ಅದನ್ನು ನುಡಿಸಬಾರದು. ಯಾವುದನ್ನು ದುರಸ್ತಿಮಾಡಬಹುದೋ ಅದನ್ನು ನುಡಿಸದೆ ಬಿಡಬಾರದು. ಕಂಬಕ್ಕೆ ಕಾವಲುಗಾರ ಬೇಕು, ಪೇಟಿಗೆ ಮಾಸ್ತರ ಬೇಕು. ನೀವು ಕಾವಲುಗಾರನನ್ನು ಪೇಟಿಯ ಬಳಿ ನಿಲ್ಲಿಸಲು ಹೊರಟಿದ್ದೀರಿ.

ಮೇಷ್ಟರು: ಈ ಭೇದ ನನಗೆ ಹೊಳೆದಿರಲಿಲ್ಲ. ಹಾಗೆ ನೋಡಿದರೆ ವಿಜಯನಗರದವರೂ ತಮ್ಮ ವಾದ್ಯಗಳನ್ನು ಮಾರ್ಪಡಿಸದೆ ಬಿಟ್ಟವರಲ್ಲ. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು 1550ರಲ್ಲಿ ರಚಿಸಿದ ಸ್ವರಮೇಲಕಲಾನಿಧಿಯಲ್ಲಿ ವೀಣೆಗೆಂದೇ ಒಂದು ಪ್ರಕರಣವಿದೆ. ಒಂದೊಂದು ರಾಗಕ್ಕೂ ಮೆಟ್ಟುಗಳನ್ನು ಸರಿಸಿ ಕೂಡಿಸುವ ವೀಣೆಯನ್ನೂ, ಮೆಟ್ಟುಗಳನ್ನು ಸ್ಥಿರವಾಗಿ ನಿಲ್ಲಿಸಿ ಎಲ್ಲ ರಾಗಗಳನ್ನೂ ನುಡಿಸಬಹುದಾದ ವೀಣೆಯನ್ನೂ ಆತನು ಬೇರೆ ಬೇರೆಯಾಗಿ ನಿರೂಪಿಸಿದ್ದಾನೆ. ತಂತಿಗಳ ಕೂಡಿಕೆಯ ಒಂದು ಕ್ರಮಕ್ಕೆ ಅಚ್ಯುತರಾಯನ ಹೆಸರನ್ನೇ ಇಟ್ಟು ಅಚ್ಯುತರಾಜೇಂದ್ರಮೇಳವೀಣೆಯೆಂದು ಕರೆದಿದ್ದಾನೆ. ಗ್ರಂಥ ಬರೆದು ಹದಿನೈದೇ ವರ್ಷಕ್ಕೆ, 1565ರಲ್ಲಿ, ಪಟ್ಟಣ ಹಾಳಾಯಿತು. ಆ ಅರಮನೆಯ ವೀಣೆಗಳಲ್ಲಿ ಒಂದೂ ನಮ್ಮ ಕೈಗೆ ಬರಲಿಲ್ಲವಾದರೂ ಮೆಟ್ಟುಗಳನ್ನು ಸ್ಥಿರವಾಗಿ ಕೂಡಿಸುವ ಪದ್ಧತಿ ದಕ್ಷಿಣದ ವೀಣೆಯಲ್ಲಿ ಇಂದಿಗೂ ನಡೆದುಬಂದಿದೆ.

ಯಜಮಾನರು: ಆ ಮೆಟ್ಟುಗಳನ್ನು ಹೊತ್ತಿರುವ ಮೇಣದ ಪಾಡನ್ನು ನನ್ನನ್ನು ಕೇಳಿ. ಜೇನುಮೇಣಕ್ಕೆ ಮಸಿ ಬೆರೆಸಿ ಕೂಡಿಸಿದ ಮೇಣದ ಮೇಲೆ 24 ಮೆಟ್ಟುಗಳು ನಿಂತಿರುತ್ತವೆ. ನಮ್ಮ ಹೊಸಪೇಟೆಯ ವೈಶಾಖದ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿಟ್ಟ ವೀಣೆಯ ಮೇಣ ಮೆತ್ತಗಾಗಿ ಮೆಟ್ಟು ಒಂದು ಎಳೆಯಷ್ಟು ಓರೆಯಾದರೂ ಆ ಸ್ವರ ಅಪಸ್ವರ. ಅದಕ್ಕಾಗಿಯೇ ಆಗಾಗ ಮೇಳ ಕಟ್ಟಿಸಬೇಕು: ಹಳೆಯ ಮೇಣವನ್ನು ಬಿಡಿಸಿ, ಹೊಸದನ್ನು ಹಾಸಿ, ಕಿವಿಯಿಂದ ಒಂದೊಂದೇ ಮೆಟ್ಟನ್ನು ಅದರ ಸ್ಥಾನದಲ್ಲಿ ಒತ್ತಿ ನಿಲ್ಲಿಸಬೇಕು. ವೀಣೆ ನೂರು ವರ್ಷ ಹಳೆಯದೆಂದು ಹೆಮ್ಮೆಪಡುವ ಮನೆಯವರೂ ಅದರ ಮೇಳ ನೂರು ವರ್ಷದ್ದೆಂದು ಹೇಳಲಾರರು.

ಮೇಷ್ಟರು: ತಂಬೂರಿಗಳನ್ನೂ ನೀವೇ ನೋಡುವಿರೋ?

ಯಜಮಾನರು: ಬಿರಡೆ ಸವೆದಿದ್ದರೆ, ತಂತಿ ಬದಲಿಸಬೇಕಾಗಿದ್ದರೆ, ದಂಡಿ ಸಂದು ಬಿಟ್ಟಿದ್ದರೆ ನೋಡುತ್ತೇನೆ. ಬುರುಡೆ ಒಡೆದಿದ್ದರೆ ಮಿರಜಿಗೆ ಕಳುಹಿಸುತ್ತೇನೆ. ಜವಾರಿ ತೆಗೆಯುವುದೂ ಅವರ ಕೈಯಲ್ಲೇ ಚೆನ್ನ. ಕುದುರೆಯ ಮೈಯನ್ನು ಕಣ್ಣಿಗೆ ಕಾಣದಷ್ಟು ಇಳಿಜಾರಾಗಿ ಉಜ್ಜಿ, ತಂತಿಯ ಕೆಳಗೆ ಹತ್ತಿಯ ಎಳೆಯನ್ನು ಸರಿಸಿ ಸರಿಸಿ, ನಾದ ಬಿಚ್ಚಿಕೊಳ್ಳುವ ಒಂದೇ ಒಂದು ನೆಲೆಯನ್ನು ಹುಡುಕುವ ಕೆಲಸ ಅದು. ಮಿರಜಿನ ಆ ಕಸುಬು ಹುಟ್ಟಿದ ಬಗೆಯನ್ನು ಕೇಳಿದ್ದೀರಾ? ಶಿಕಲಗಾರರು ಮೂಲತಃ ಕತ್ತಿ ಸಾಣೆಹಿಡಿಯುವವರು. ಸಂಸ್ಥಾನಗಳ ಸೈನ್ಯ ಕರಗಿ ಆಯುಧಕ್ಕೆ ಗಿರಾಕಿಯಿಲ್ಲದಂತಾದಾಗ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಅವರಲ್ಲಿ ಫರೀದ್ ಸಾಹೇಬರೆಂಬುವರು ಗವಾಯಿಗಳ ಕೆಟ್ಟ ವಾದ್ಯಗಳನ್ನು ಸರಿಮಾಡತೊಡಗಿದರು. ಬಿಚ್ಚಿ ಬಿಚ್ಚಿ ನೋಡಿದ್ದರಿಂದ ಒಳಗುಟ್ಟು ತಿಳಿಯಿತು, ತಿಳಿದದ್ದರಿಂದ ಹೊಸದು ಮಾಡಲು ಬಂತು. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಿಕೆಯ ಮನ್ನಣೆ ಬಂತಲ್ಲ, ಆ ಕೀರ್ತಿಯ ಬೇರು ದುರಸ್ತಿಯಲ್ಲಿದೆ.

ಮೇಷ್ಟರು: ಯೂರೋಪಿನಲ್ಲಿಯೂ ಹೀಗೆಯೇ ನಡೆದಿದೆ. 1737ರಲ್ಲಿ ತೀರಿಕೊಂಡ ಕ್ರೆಮೋನದ ಸ್ಟ್ರಾಡಿವಾರಿಯ ಪಿಟೀಲುಗಳನ್ನು ಇಂದು ಕೋಟಿಗಟ್ಟಲೆ ಬೆಲೆ ತೆತ್ತು ಕೊಳ್ಳುವವರು, ಅವುಗಳಲ್ಲಿ ಬಹುಮಟ್ಟಿಗೆ ಎಲ್ಲವಕ್ಕೂ ಮುಂದಿನ ಕಾಲದಲ್ಲಿ ಕೊರಳು ಬದಲಾಗಿದೆಯೆಂಬುದನ್ನೂ, ಹೆಚ್ಚಿನ ಬಿಗಿತವನ್ನು ತಾಳಲೆಂದು ಒಳಗಿನ ಮರದ ಪಟ್ಟಿಯನ್ನು ಬಲಪಡಿಸಲಾಗಿದೆಯೆಂಬುದನ್ನೂ ಬಲ್ಲರು. ನಮ್ಮ ಪಿಟೀಲು ಚೌಡಯ್ಯನವರಂತೂ, ದೊಡ್ಡ ಸಭೆಗೆ ನಾದ ಸಾಲದೆಂದು, ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರನ್ನು ಕೂಡಿಸಿ ಏಳು ತಂತಿಯದಾಗಿ ಮಾಡಿಕೊಂಡರು. ನೋಡಿ, ನಿಮ್ಮ ಪಕ್ಷಕ್ಕೆ ನಾನೇ ಸಾಕ್ಷಿ ಹೇಳುತ್ತಿದ್ದೇನೆ. ಆದರೆ ಚರ್ಮವಾದ್ಯಗಳಲ್ಲಿ ನಡೆಯುತ್ತಿರುವ ಮಾರ್ಪಾಟನ್ನು ನಾನು ಒಪ್ಪಲಾರೆ. ನಟ್ಟು ಬೋಲ್ಟು ಬಿಗಿದ ಮದ್ದಳೆ, ಪ್ಲಾಸ್ಟಿಕ್ಕಿನ ಮುಚ್ಚಿಗೆ, ಇವು ಯಾವ ನಾದ?

ಯಜಮಾನರು: ಬೋಲ್ಟಿನ ಮೇಲೆ ನನಗೆ ದ್ವೇಷವಿಲ್ಲ. ಬಾರು ಎಳೆದು ಬಿಗಿಯುವ ತೋಳ್ಬಲವುಳ್ಳವರು ಹತ್ತಿರ ಇಲ್ಲದ ಊರಿನಲ್ಲಿ, ಪಾತ್ರಧಾರಿ ಬಣ್ಣ ಬಳಿದುಕೊಂಡು ಕಾದಿರುವಾಗ, ಒಂದು ಪಾನಾ ಹಿಡಿದು ಶ್ರುತಿ ಕೂಡಿಸಬಹುದಾದರೆ ಅದು ಆಟವನ್ನು ಉಳಿಸಿತು. ಪ್ಲಾಸ್ಟಿಕ್ಕಿನ ಮುಚ್ಚಿಗೆಯ ವಿಷಯದಲ್ಲಿ ಮಾತ್ರ ನಿಮ್ಮ ಪಕ್ಷವೇ ನನ್ನದು. ಚರ್ಮದ ನಡುವೆ ಕೂಡಿಸುವ ಕರಣೆಯಲ್ಲಿ ಎಂತಹ ವಿದ್ಯೆ ಅಡಗಿದೆಯೆಂಬುದನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿಯೂ ಮತ್ತೆ 1934ರಲ್ಲಿಯೂ ಬರೆದು ತೋರಿಸಿದ್ದಾರೆ. ಬರಿಯ ಚರ್ಮದಿಂದ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ನಡುವೆ ಭಾರ ಕೂಡಿಸಿ, ಅಂಚಿನ ಕಡೆಗೆ ತೆಳುವಾಗಿಸುತ್ತಾ ಹೋದರೆ, ಅವೇ ಉಪಸ್ವರಗಳು ತಂತಿವಾದ್ಯದಲ್ಲಿರುವಂತೆ ಕ್ರಮಕ್ಕೆ ಬರುತ್ತವೆ. ಕಬ್ಬಿಣ, ಮ್ಯಾಂಗನೀಸುಗಳ ಅಂಶವುಳ್ಳ ಕರಿಯ ಕಲ್ಲಿನ ಪುಡಿಯನ್ನು ಅನ್ನದ ಅಂಬಲಿಯಲ್ಲಿ ಕಲಸಿ, ಒಂದೊಂದೇ ಪದರವಾಗಿ ಹಚ್ಚಿ, ಕಲ್ಲಿನಿಂದ ತಿಕ್ಕಿ ತಿಕ್ಕಿ ಒಣಗಿಸುವ ಆ ಕೆಲಸವನ್ನು ಗಣಿತ ಓದದ ಚರ್ಮಕಾರರು ಕೈಯ ಅಂದಾಜಿನಿಂದಲೇ ಸಾಧಿಸಿದ್ದರು. ಸಂಡೂರಿನ ಬೆಟ್ಟಗಳಿಂದ ಅದಿರನ್ನು ಹೊತ್ತ ಲಾರಿಗಳು ನಮ್ಮ ಊರ ರಸ್ತೆಯನ್ನು ಕೆಂಪು ಧೂಳಿನಿಂದ ಮುಚ್ಚಿದ ವರ್ಷಗಳಲ್ಲಿ, ಈ ಲೋಹಗಳು ಹೀಗೂ ನಾದವಾಗಬಲ್ಲವೆಂದು ಯಾರು ನೆನೆದರು? ಮದ್ದಳೆಗಾರನಿಗೆ ಶಾಲು ಹೊದಿಸಿದ ಸಭೆಗಳಲ್ಲಿ ಮದ್ದಳೆ ಮುಚ್ಚಿದವನ ಹೆಸರು ಹೇಳಿದ್ದನ್ನು ನಾನು ಕೇಳಲಿಲ್ಲ. ಆ ಕೈಗಳು ಮನಸ್ಸು ಮುರಿದು ಬೇರೆ ಕೂಲಿಗೆ ಹೋದುವು. ಪ್ಲಾಸ್ಟಿಕ್ಕು ಬಂದದ್ದು ಆಮೇಲೆ.

ಮೇಷ್ಟರು: ನೀವು ಹೇಳಿದ್ದು ನಮ್ಮ ಸಂಗೀತಲೋಕದ ದೊಡ್ಡ ಅಪರಾಧ, ನಾನೂ ಅದರ ಒಳಗಿನವನೇ. ಜೋಗತಿಯರ ಚೌಡಿಕೆಯನ್ನು ಹತ್ತಿರದಿಂದ ಕಂಡಾಗಲೂ ಇದೇ ಭಾವ ನನಗೆ ಬಂದಿತ್ತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಜೋಗತಿ ನೃತ್ಯದ ಹೆಸರು ದೇಶಕ್ಕೆಲ್ಲ ತಿಳಿಯಿತು. ಆ ಕುಣಿತಕ್ಕೆ ಶ್ರುತಿ ಹಿಡಿಯುವ ಚೌಡಿಕೆಯನ್ನು ಯಾರು ಸರಿಮಾಡುತ್ತಾರೆಂದು ಕೇಳಿದವರು ಕಡಿಮೆ.

ಯಜಮಾನರು: ಹೆಚ್ಚಾಗಿ ಅವರೇ ಮಾಡಿಕೊಳ್ಳುತ್ತಾರೆ, ಆಗದಿದ್ದರೆ ಇಲ್ಲಿಗೆ ತರುತ್ತಾರೆ. ಹುಲಿಗೆಮ್ಮನ ಜಾತ್ರೆಯ ದಿನಗಳು ಹತ್ತಿರ ಬಂದಾಗ ನನ್ನ ಈ ಗೂಟಗಳಲ್ಲಿ ಚೌಡಿಕೆಗಳು ತೂಗುತ್ತಿರುತ್ತವೆ. ಕೊಳಗದ ಒಂದು ಬಾಯಿಗೆ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ, ಆ ತಂತಿಯ ಇನ್ನೊಂದು ಕೊನೆಯನ್ನು ಕೈಯಲ್ಲಿ ಹಿಡಿದು ಎಳೆದಂತೆ ಸ್ವರ ಏರುತ್ತದೆ, ಬಿಟ್ಟಂತೆ ಇಳಿಯುತ್ತದೆ. ಮರದ ಕೊಳಗ ಸೀಳಿದರೆ ಹಿತ್ತಾಳೆಯದು ಬರುತ್ತದೆ. ಚರ್ಮ ಹರಿದರೆ ಬೇರೆ ಚರ್ಮ. ತಂತಿ ತುಂಡಾದರೆ ಬೇರೆ ತಂತಿ. ಹೀಗೆ ಅಂಗಾಂಗಗಳೆಲ್ಲ ಬದಲಾದ ಮೇಲೂ ಅದು ಗುರುವಿನಿಂದ ಬಂದ ಚೌಡಿಕೆಯೇ. ಅದಕ್ಕೆ ಭಂಡಾರ ಹಚ್ಚಿಯೇ ಕೈಗೆತ್ತಿಕೊಳ್ಳುತ್ತಾರೆ. ಯಾವ ಭಾಗ ಮೂಲದ್ದು ಎಂದು ಅವರಲ್ಲಿ ಯಾರೂ ಕೇಳಿಲ್ಲ. ಕೈಯಿಂದ ಕೈಗೆ ತಪ್ಪದೆ ಬಂದಿದೆಯೆ ಎಂಬುದೊಂದನ್ನೇ ನೋಡುತ್ತಾರೆ.

ಮೇಷ್ಟರು: ದರೋಜಿಯ ಈರಮ್ಮನವರು 2014ರಲ್ಲಿ ತೀರಿಕೊಂಡಾಗ ನಾನು ಇದನ್ನೇ ಯೋಚಿಸಿದ್ದೆ. ಸಂಡೂರು ತಾಲೂಕಿನ ಒಂದು ಹಳ್ಳಿಯ, ಅಕ್ಷರ ಕಲಿಯದ ಆ ಬುರ್ರಕಥೆಯ ಹಾಡುಗಾರ್ತಿ ನಮ್ಮ ಕಂಪ್ಲಿಯ ಕುಮಾರರಾಮನ ಕಥೆಯನ್ನು ಬಾಯಲ್ಲಿಯೇ ಹೊತ್ತಿದ್ದರು. ಅವರ ಹಾಡನ್ನು ಬರೆದಿಟ್ಟುಕೊಂಡದ್ದರಿಂದ ಪದಗಳು ಉಳಿದುವು. ಆದರೆ ತಂಬೂರಿ, ಗುಮ್ಮಟೆಗಳ ಆ ಲಯವನ್ನು ಪುಸ್ತಕದಲ್ಲಿ ಕಟ್ಟಿಡಲಾದೀತೆ? ಕೈಯಿಂದ ಕೈಗೆ ಎಂದಿರಲ್ಲ, ಅಲ್ಲಿ ಎಳೆ ಕಡಿಯುವ ಅಪಾಯವಿದೆ.

ಯಜಮಾನರು: ಅದಕ್ಕೇ ಹೇಳುವುದು, ಮುಂದಿನ ಕೈಯನ್ನು ನೆನೆದು ಕೆಲಸ ಮಾಡಬೇಕು. ಈ ಅಂಟನ್ನು ನೋಡಿ. ಚರ್ಮ ಮೂಳೆಗಳನ್ನು ಕುದಿಸಿ ತೆಗೆದ ಸರೇಸು; ಕಾಯಿಸಿ ಹಚ್ಚಬೇಕು, ವಾಸನೆ, ತಡ, ಕೈಗೆಲ್ಲ ಮೆತ್ತುತ್ತದೆ. ಡಬ್ಬಿಯಿಂದ ಹಿಂಡಿ ಹಚ್ಚುವ ಈಗಿನ ರಾಸಾಯನಿಕ ಅಂಟು ಕ್ಷಣದಲ್ಲಿ ಹಿಡಿಯುತ್ತದೆ, ಹಿಡಿದದ್ದು ಬಿಡುವುದಿಲ್ಲ. ಬಿಡದಿರುವುದೇ ಅದರ ದೋಷ. ಮೂವತ್ತು ವರ್ಷದ ಮೇಲೆ ಯಾವನೋ ಈ ಸಂದನ್ನು ಬಿಚ್ಚಬೇಕಾದಾಗ ಸರೇಸಾದರೆ ಬಿಸಿನೀರಿನ ಆವಿಗೆ ಕರಗಿ ದಾರಿ ಬಿಡುತ್ತದೆ. ಆ ಇನ್ನೊಂದಾದರೆ ಮರವೇ ಸೀಳುತ್ತದೆ. ಇನ್ನೂ ಒಂದು. ನಾನು ದುರಸ್ತಿಮಾಡಿದ ಪೇಟಿಯ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸುತ್ತೇನೆ: ಯಾವ ರೀಡು ಹಳೆಯದು, ಯಾವುದನ್ನು ಬೇರೆ ಪೇಟಿಯಿಂದ ತಂದು ಕೂಡಿಸಿದೆ, ಎಲ್ಲಿ ಬೆಸುಗೆಯ ಹನಿಯಿದೆ, ಯಾವ ತಿಂಗಳಲ್ಲಿ ತಿದಿ ಹೊಲಿದೆ. ನಿಮ್ಮ ಸಾಕ್ಷ್ಯದ ಮಾತು ನನಗೂ ತಿಳಿಯುತ್ತದೆ, ಮೇಷ್ಟ್ರೇ. ಸವೆದ ಈ ಬಿಳಿಮನೆಗಳನ್ನು ನಾನು ಬದಲಿಸುವುದಿಲ್ಲ, ತಳ್ಳಾಡುವ ಎರಡನ್ನು ಮಾತ್ರ ಉಣ್ಣೆಬಟ್ಟೆಯ ಒತ್ತು ಕೊಟ್ಟು ನಿಲ್ಲಿಸುತ್ತೇನೆ.

ಮೇಷ್ಟರು: ಬೇರೆ ಪೇಟಿಯಿಂದ ತಂದು ಎಂದಿರಿ. ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದೆ?

ಯಜಮಾನರು: ಕೊಲ್ಲುವುದಿಲ್ಲ, ಸತ್ತದ್ದರಿಂದ ತೆಗೆಯುತ್ತೇನೆ. ಗೆದ್ದಲು ಹಿಡಿದು ಮರವೆಲ್ಲ ಪುಡಿಯಾದ ಪೇಟಿಗಳಿಂದ ತೆಗೆದ ರೀಡುಗಳು ಆ ಪೆಟ್ಟಿಗೆಯಲ್ಲಿವೆ. ಇದಕ್ಕೆ ಮೂರು ಬೇಕಾಗಬಹುದು. ಹೊಸ ರೀಡು ಹಾಕಿದರೆ ಅದೊಂದು ಮಾತ್ರ ಚುರುಕಾಗಿ ಕಿರುಚುತ್ತದೆ. ಸಮವಯಸ್ಸಿನದಾದರೆ ಸಾಲಿನಲ್ಲಿ ಸೇರಿಕೊಳ್ಳುತ್ತದೆ.

ಮೇಷ್ಟರು: ಸರಿ, ಕೆಲಸಕ್ಕೆ ಕೈಹಾಕಿ, ಮೇಳದವರಿಗೆ ನಾನೇ ಹೇಳುತ್ತೇನೆ. ಆದರೆ ನೀವು ನೆನೆಯುವ ಆ ಮುಂದಿನ ಕೈ ಎಲ್ಲಿಂದ ಬರಬೇಕು? ನಮ್ಮ ಸಂಗೀತ ಪರೀಕ್ಷೆಗಳಲ್ಲಿ ಎಪ್ಪತ್ತೆರಡು ಮೇಳಗಳ ಹೆಸರನ್ನೋ ಹತ್ತು ಥಾಟುಗಳನ್ನೋ ಒಪ್ಪಿಸುವ ವಿದ್ಯಾರ್ಥಿಗೆ ಕಡಿದ ತಂಬೂರಿಯ ತಂತಿಯನ್ನು ಕೂಡಿಸಲು ಬರುವುದಿಲ್ಲ. ಐಟಿಐಯಲ್ಲಿ ಮೋಟಾರು ಬಿಚ್ಚುವುದನ್ನು ಕಲಿತ ಹುಡುಗನಿಗೆ ಅದೇ ಕೈಯಿಂದ ಪೇಟಿಯನ್ನೂ ಬಿಚ್ಚಬಹುದೆಂಬ ಕಲ್ಪನೆಯಿಲ್ಲ. ಕಲಿಸುವ ಶಾಲೆಗೂ ದುಡಿಯುವ ಅಂಗಡಿಗೂ ನಡುವೆ ಸೇತುವೆಯೇ ಇಲ್ಲ. ನನ್ನ ಬಳಿ ಹಾಡಲು ಕಲಿಯುತ್ತಿರುವವರಲ್ಲಿ ಇಬ್ಬರಿದ್ದಾರೆ, ಒಬ್ಬ ಹುಡುಗ, ಒಬ್ಬ ಹುಡುಗಿ. ಕಂಠ ಸಾಧಾರಣ, ಕಿವಿ ಮಾತ್ರ ಬಹಳ ಸೂಕ್ಷ್ಮ. ಅವರನ್ನು ಕಳುಹಿಸಿದರೆ ಕೂರಿಸಿಕೊಳ್ಳುವಿರಾ?

ಯಜಮಾನರು: ಹುಡುಗಿಯ ಮನೆಯವರು ಒಪ್ಪುವರೆ? ಒಪ್ಪಿದರೆ ಇಬ್ಬರೂ ಬರಲಿ. ಮೊದಮೊದಲು ಕಿಲುಬು ತೆಗೆಯುವುದು, ಚಕ್ಕಳ ಕತ್ತರಿಸುವುದು, ಸರೇಸು ಕಾಯಿಸುವುದು, ಇಷ್ಟೇ. ಅರವನ್ನು ಮಾತ್ರ ಒಂದು ವರ್ಷ ಕೈಗೆ ಕೊಡುವುದಿಲ್ಲ. ಕೆಳಗೆ ಕುಳಿತು ಕೇಳಲಿ. ಯಾವ ರೀಡು ಕೊಳೆಯಿಂದ ತಪ್ಪುತ್ತಿದೆ, ಯಾವುದು ನಿಜಕ್ಕೂ ಕೆಟ್ಟಿದೆ ಎಂಬುದನ್ನು ನೋಡದೆ ಕಿವಿಯಿಂದಲೇ ಹೇಳುವಂತಾದ ದಿನ ನಾನೇ ಕೊಡುತ್ತೇನೆ. ಕೂಲಿ ಎಷ್ಟೆಂದು ಅವರಪ್ಪಂದಿರು ಕೇಳಿಯಾರು. ಅದನ್ನು ನೀವು ಇಲ್ಲಿಯೇ ಕುಳಿತು ಈಗಲೇ ನನ್ನೊಡನೆ ಗೊತ್ತುಮಾಡಿಕೊಂಡು ಹೋಗಿ, ಬಿಟ್ಟಿಯಾಗಿ ಯಾರನ್ನೂ ದುಡಿಸಿಕೊಳ್ಳಲಾರೆ.